38 ವರ್ಷದ ತಮ್ಮನಿಗೆ ಹಾರ್ಟ್ ಬ್ಲಾಕ್ ಅಂತ ಪೇಸ್‌ಮೇಕರ್ ಹಾಕಿದ್ದಾರೆ. ಈಗ ಪೆಟ್ ಸ್ಕ್ಯಾನ್ ಬರೆದಿದ್ದಾರೆ. ವಿಕಿರಣದ ಭಯ, ಎಂಆರ್‌ಐ ಸಾಲದೇ?

ವಿಕಿರಣದ ಲೆಕ್ಕ ಸದ್ಯಕ್ಕೆ ಬದಿಗಿಡಿ. ಸ್ಕ್ಯಾನಿನ ಹಿಂದಿನ ದಿನ ನಿಮ್ಮ ತಮ್ಮ ಏನು ಉಣ್ಣುತ್ತಾನೆ, ಏನು ಕುಡಿಯುತ್ತಾನೆ, ಅದನ್ನು ನೋಡಿಕೊಳ್ಳಿ. ನಮಗೆ ಹೊಡೆತ ಬಿದ್ದದ್ದು ಅಲ್ಲೇ.

ನಾವು ಅಂಕೋಲೆಯವರು. ನಮ್ಮ ಮನೆಯವರಿಗೆ ಆಗ 41 ವರ್ಷ. ಬೀಡಿ ಸಿಗರೇಟು ಇಲ್ಲ, ಶುಗರ್ ಇಲ್ಲ, ಬಿಪಿ ಇಲ್ಲ. ಒಂದು ದಿನ ಅಂಗಳದಲ್ಲಿ ನಿಂತವರಿಗೆ ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದರು. ನಾಡಿ ನಿಮಿಷಕ್ಕೆ 40ರ ಕೆಳಗೆ. ಆಂಜಿಯೋಗ್ರಾಂ ಮಾಡಿದರೆ ರಕ್ತನಾಳ ಸ್ವಚ್ಛ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟು ಹೋಗುವ ದಾರಿಯೇ ಕಟ್ಟಿದೆ ಅಂದರು. ಪೇಸ್‌ಮೇಕರ್ ಹಾಕಿಸಿಕೊಂಡು ಮನೆಗೆ ಬಂದೆವು.

ಆಮೇಲೆ ತೋರಿಸಿದ ಇನ್ನೊಬ್ಬ ಡಾಕ್ಟರು ಫೈಲ್ ತಿರುವಿ ನೋಡಿ ಕೇಳಿದ್ದು ಒಂದೇ ಮಾತು: ಈ ವಯಸ್ಸಿಗೆ ಇದು ಯಾಕೆ ಬಂತು ಅಂತ ಯಾರಾದರೂ ಹುಡುಕಿದ್ದಾರಾ? ಅವರ ಅನುಮಾನ ಇದ್ದದ್ದು ಕಾರ್ಡಿಯಾಕ್ ಸಾರ್ಕಾಯ್ಡೋಸಿಸ್ ಮೇಲೆ. ದೇಹದ ರಕ್ಷಣಾ ಕೋಶಗಳೇ ಗುಂಪುಗೂಡಿ ಸಣ್ಣ ಸಣ್ಣ ಗಂಟಾಗುವ ಕಾಯಿಲೆ ಅದು. ಹೆಚ್ಚಾಗಿ ಶ್ವಾಸಕೋಶಕ್ಕೆ ಬರುತ್ತದೆ, ಕೆಲವರಿಗೆ ಹೃದಯದ ಮಾಂಸದೊಳಗೂ ಕೂರುತ್ತದೆ. 60 ವರ್ಷದೊಳಗಿನವರಿಗೆ ಕಾರಣ ಕಾಣದೆ ಇಂಥ ಬ್ಲಾಕ್ ಬಂದರೆ ಸಾರ್ಕಾಯ್ಡ್ ಇದೆಯೇ ನೋಡಿ ಎಂದು ಅಮೆರಿಕದ ಹಾರ್ಟ್ ರಿದಮ್ ಸೊಸೈಟಿ 2014ರಲ್ಲೇ ಹೇಳಿದೆ. ಹಾಗಾಗಿ ನಿಮ್ಮ ಡಾಕ್ಟರು ಸುಮ್ಮನೆ ದುಡ್ಡಿಗಾಗಿ ಬರೆದಿದ್ದಾರೆ ಅಂದುಕೊಳ್ಳಬೇಡಿ. ಕಾರಣ ಹುಡುಕುವ ಡಾಕ್ಟರು ಸಿಕ್ಕಿದ್ದಾರೆ, ಬಿಡಬೇಡಿ.

ಎಂಆರ್‌ಐ ವಿಷಯ ಪೇಸ್‌ಮೇಕರ್ ಹಾಕುವ ಮೊದಲು ಕೇಳಬೇಕಿತ್ತು. ಈಗ ಪೇಸ್‌ಮೇಕರಿನ ಮಾಡೆಲ್ ನೋಡಿಯೇ ಮಾಡಬೇಕು, ಮಾಡಿದರೂ ಆ ಯಂತ್ರದ ನೆರಳು ಚಿತ್ರದ ಮೇಲೆ ಬೀಳುತ್ತದೆ. ಅದೂ ಅಲ್ಲದೆ ಎಂಆರ್‌ಐ ಚೆನ್ನಾಗಿ ತೋರಿಸುವುದು ಹಳೆಯ ಗಾಯದ ಕಲೆ. ಆ ಗಂಟುಗಳ ಉರಿಯೂತ ಈಗಲೂ ನಡೆಯುತ್ತಿದೆಯೋ ಇಲ್ಲವೋ ನೋಡಲು ಪೆಟ್ ಬೇಕು. ಔಷಧ ಕೊಡಬೇಕೋ ಬೇಡವೋ ಅನ್ನುವುದು ನಿಂತಿರುವುದು ಅದರ ಮೇಲೆ.

ಇನ್ನು ನಮ್ಮ ತಪ್ಪು. ಇದನ್ನು ಉದ್ದಕ್ಕೆ ಹೇಳುತ್ತೇನೆ, ಬೇಜಾರಾಗಬೇಡಿ.

ಪೆಟ್ ಸ್ಕ್ಯಾನಿಗೆ ಸೂಜಿಯಲ್ಲಿ ಕೊಡುವುದು ಎಫ್‌ಡಿಜಿ, ಅಂದರೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಒಂದು ಬಗೆಯ ಗ್ಲೂಕೋಸ್. ಉರಿಯೂತದ ಕೋಶಗಳಿಗೆ ಯಾವಾಗಲೂ ಸಕ್ಕರೆ ಬೇಕು, ಅದನ್ನು ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತವೆ. ಆದರೆ ಹೃದಯದ ಮಾಂಸವೂ ಸಕ್ಕರೆ ತಿನ್ನುತ್ತದೆ. ಹೊಟ್ಟೆಗೆ ಸಕ್ಕರೆ, ಪಿಷ್ಟ ಏನೂ ಹೋಗದಿದ್ದರೆ ಮಾತ್ರ ಅದು ಕೊಬ್ಬಿನ ಕಡೆ ತಿರುಗುತ್ತದೆ. ಊರಿನ ಕರೆಂಟು ಹೋದಾಗಲೇ ದೂರದ ದೋಣಿಯ ದೀಪ ನಮ್ಮ ದಂಡೆಯಿಂದ ಕಾಣುವುದಲ್ಲವೇ, ಹಾಗೆ ಆರೋಗ್ಯವಾಗಿರುವ ಮಾಂಸವೆಲ್ಲ ಕತ್ತಲಾದರೆ ಮಾತ್ರ ಕಾಯಿಲೆಯ ಜಾಗ ಎದ್ದು ಕಾಣುತ್ತದೆ. ಕ್ಯಾನ್ಸರಿಗೆ ಮಾಡುವ ಪೆಟ್‌ಗೆ ಕೆಲವು ತಾಸಿನ ಉಪವಾಸ ಸಾಕಾಗುತ್ತದೆ. ಹೃದಯಕ್ಕೆ ಸಾಲುವುದಿಲ್ಲ. ಹಿಂದಿನ ದಿನ ಕೊನೆಪಕ್ಷ ಎರಡು ಊಟ ಕೊಬ್ಬಿನದ್ದೇ ಆಗಬೇಕು, ಒಂದೊಂದರಲ್ಲಿ ಕೊಬ್ಬು 35 ಗ್ರಾಮಿಗಿಂತ ಹೆಚ್ಚು, ಪಿಷ್ಟ-ಸಕ್ಕರೆ 3 ಗ್ರಾಮಿಗಿಂತ ಕಡಿಮೆ. ಅದರ ಮೇಲೆ ರಾತ್ರಿಯಿಡೀ ಉಪವಾಸ.

ಚೀಟಿಯಲ್ಲಿ ಅನ್ನ ಬೇಡ, ರೊಟ್ಟಿ ಬೇಡ, ಹಾಲು ಬೇಡ, ಹಣ್ಣು ಬೇಡ ಅಂತ ಬರೆದಿತ್ತು. ಎರಡೂ ಊಟ ಸರಿಯಾಗಿಯೇ ಮಾಡಿಸಿದೆ. ಬೆಳಗಿನ ಜಾವ ಹೊರಡುವಾಗ ಅವರ ಮುಖ ಬಾಡಿತ್ತು. ಹಸಿದ ಹೊಟ್ಟೆಯಲ್ಲಿ ಅಷ್ಟು ದೂರ ಕಾರಿನಲ್ಲಿ ಹೇಗೆ ಕೂರುತ್ತಾರೆ ಅಂತ ಕರುಳು ಚುರ್ ಅಂದು ಒಂದು ದೊಡ್ಡ ಲೋಟ ಕುಚಲಕ್ಕಿ ಗಂಜಿಯ ತಿಳಿ ಉಪ್ಪು ಹಾಕಿ ಕೊಟ್ಟೆ. ತಳದಲ್ಲಿ ನಾಲ್ಕು ಅಗುಳೂ ಇದ್ದವು. ಕುಂದಾಪುರ ದಾಟಿದ ಮೇಲೆ ಒಂದು ಎಳನೀರು ಕುಡಿಸಿದೆ. ಜ್ವರ ಬಂದವನಿಗೆ, ಬಾಣಂತಿಗೆ, ಮುದುಕರಿಗೆ ಎಲ್ಲರಿಗೂ ನಮ್ಮಲ್ಲಿ ಕೊಡುವುದು ಇವೆರಡನ್ನೇ. ಊಟ ಅಂತ ಯಾರೂ ಎಣಿಸುವುದಿಲ್ಲ. ಕೌಂಟರಿನಲ್ಲಿ "ಏನಾದರೂ ತಿಂದಿದ್ದೀರಾ" ಅಂತ ಕೇಳಿದರು. "ಇಲ್ಲ, ಖಾಲಿ ಹೊಟ್ಟೆ" ಅಂದೆವು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಬೆರಳು ಚುಚ್ಚಿ ಶುಗರ್ ನೋಡಿದರು, ಅದು ನಾರ್ಮಲ್ಲೇ ಬಂತು. ಶುಗರ್ ಇಲ್ಲದವರಲ್ಲಿ ಇನ್ಸುಲಿನ್ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ, ರಕ್ತದಲ್ಲಿ ಗೊತ್ತಾಗುವುದಿಲ್ಲ. ಆದರೆ ಅದೇ ಇನ್ಸುಲಿನ್ ಹೃದಯದ ಮಾಂಸಕ್ಕೆ ಸಕ್ಕರೆಯ ಬಾಗಿಲು ತೆರೆದಿಟ್ಟಿರುತ್ತದೆ.

ಸೀಸದ ಕವಚದೊಳಗಿಟ್ಟ ಸಿರಿಂಜು ತಂದು ಚುಚ್ಚಿದರು. ಮಂದ ಬೆಳಕಿನ ಕೋಣೆಯಲ್ಲಿ ಒಂದು ತಾಸು ಮಾತಾಡದೆ ಮಲಗಿಸಿದರು, ಆಮೇಲೆ ಸ್ಕ್ಯಾನ್. ಸಂಜೆ ಡಾಕ್ಟರು ಪರದೆಯ ಮೇಲೆ ತೋರಿಸಿದರು: ಎಡ ಹೃದಯ ಪೂರ್ತಿ ಬಳೆಯ ಹಾಗೆ ಹೊಳೆಯುತ್ತಿತ್ತು. ಯಾವುದು ಕಾಯಿಲೆ, ಯಾವುದು ಗಂಜಿ, ಹೇಳುವ ಹಾಗಿಲ್ಲ ಅಂದರು. ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುವ ವಸ್ತು. ಅವತ್ತಿನದು ಅವತ್ತಿಗೇ, ಎತ್ತಿಟ್ಟು ನಾಳೆ ಕೊಡಲು ಬರುವುದಿಲ್ಲ. ದುಡ್ಡು ಪೂರ್ತಿ ಹೋಯಿತು. ಮತ್ತೆ ಹೊಂದಿಸಿ, ಮತ್ತೆ ತಾರೀಖು ಸಿಗುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಮೊದಲ ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡಿನಲ್ಲಿ, ಶೇಕಡಾ 50 ಇದ್ದ ಹೃದಯದ ಪಂಪಿಂಗ್ 40ಕ್ಕೆ ಇಳಿದಿತ್ತು. ಆ ಹತ್ತರ ಲೆಕ್ಕ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

ಎರಡನೇ ಸಲ ಹಿಂದಿನ ದಿನವೇ ಹೋಗಿ ಲಾಡ್ಜಿನಲ್ಲಿ ಉಳಿದೆವು. ನೀವೂ ಹಾಗೇ ಮಾಡಿ. ಈ ಸ್ಕ್ಯಾನಿಗಾಗಿ ನಮ್ಮ ಕರಾವಳಿಯವರು ಮಂಗಳೂರು, ಮಣಿಪಾಲದ ಕಡೆಗೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು, ಉಪವಾಸ ಕೆಡುವುದು ಆ ದಾರಿಯಲ್ಲೇ. ಹೋಟೆಲ್ ಊಟ ನಂಬಬೇಡಿ, ಡಬ್ಬಿ ಕಟ್ಟಿಕೊಂಡು ಹೋಗಿ. ನಾನು ಒಯ್ದದ್ದು ತುಪ್ಪದಲ್ಲಿ ಮಾಡಿದ ಮೊಟ್ಟೆ ಮತ್ತು ತೆಂಗಿನೆಣ್ಣೆಯಲ್ಲಿ ಹುರಿದ ಬಂಗಡೆ. ರವೆ ಹಚ್ಚಲಿಲ್ಲ, ಅಕ್ಕಿಹಿಟ್ಟೂ ಇಲ್ಲ, ಬರೀ ಉಪ್ಪು, ಖಾರ, ಅರಿಶಿನ. ರವೆ ಇಲ್ಲದ ಬಂಗಡೆ ಕಾವಲಿಗೆ ಹಿಡಿದು ಚರ್ಮ ಕಿತ್ತು ಬಂತು, ಬರಲಿ. ಮೀನು ಮೊಟ್ಟೆ ತಿನ್ನದವರಾದರೆ ಏನು ಮಾಡಬೇಕು ಅಂತ ಆಸ್ಪತ್ರೆಯವರನ್ನೇ ಕೇಳಿ. 18 ತಾಸಿಗೂ ಮೀರಿದ ಉಪವಾಸದ ದಾರಿಯೂ ಇದೆ, ಆದರೆ ಅವರು ಹೇಳಿದರೆ ಮಾತ್ರ. ಕೆಮ್ಮಿನ ಸಿರಪ್, ಬಾಯಿಗೆ ಹಾಕುವ ಪೆಪ್ಪರ್‌ಮಿಂಟ್, ಬೆಲ್ಲದ ಕಷಾಯ ಯಾವುದೂ ಬೇಡ. ನೀರು ಬಿಟ್ಟು ಬೇರೆ ಏನೇ ಬಾಯಿಗೆ ಹೋಗಿದ್ದರೂ ಸೂಜಿ ಹಾಕುವ ಮೊದಲೇ ಹೇಳಿಬಿಡಿ.

ಆ ಸಲ ಹೃದಯ ಕತ್ತಲಾಗಿತ್ತು. ಎರಡು ಕೆಳಕೋಣೆಗಳ ನಡುವಿನ ಗೋಡೆಯ ಮೇಲ್ಭಾಗದಲ್ಲಿ ಒಂದು ಮಚ್ಚೆ ಮಾತ್ರ ಹೊಳೆಯುತ್ತಿತ್ತು. ಕರೆಂಟಿನ ದಾರಿ ಹಾದುಹೋಗುವುದು ಸರಿಯಾಗಿ ಅಲ್ಲೇ. ಎರಡು ಶ್ವಾಸಕೋಶಗಳ ನಡುವಿನ ಗ್ರಂಥಿಗಳೂ ಹೊಳೆದವು, ನಮಗೆ ದಾರಿ ತೋರಿಸಿದ್ದು ಅವು. ಹೃದಯದಿಂದಲೇ ಚೂರು ತೆಗೆದರೆ ಕಾಯಿಲೆ ಅಲ್ಲಲ್ಲಿ ಚದುರಿರುವುದರಿಂದ ಹೆಚ್ಚಿನ ಸಲ ಸೂಜಿ ತಪ್ಪುತ್ತದೆ. ಗ್ರಂಥಿಗೆ ಶ್ವಾಸನಾಳದ ಮೂಲಕ ಸೂಜಿ ಹಾಕಿ ಚೂರು ತೆಗೆದರು, ಬಯಾಪ್ಸಿ ಅನ್ನುವುದು ಇದನ್ನೇ. ಇದನ್ನು ನೀವೂ ಕೇಳಲೇಬೇಕು, ಯಾಕೆಂದರೆ ಪೆಟ್‌ನಲ್ಲಿ ಕ್ಷಯವೂ ಹೀಗೇ ಹೊಳೆಯುತ್ತದೆ. ಕ್ಷಯ ಇದ್ದವರಿಗೆ ಸಾರ್ಕಾಯ್ಡ್ ಅಂದುಕೊಂಡು ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಮಾತ್ರ ಕೊಟ್ಟರೆ ಅದು ಹಬ್ಬುತ್ತದೆ. ಸ್ಕ್ಯಾನ್ ನೋಡಿದ ಕೂಡಲೇ ಯಾರಾದರೂ ಸ್ಟಿರಾಯ್ಡ್ ಬರೆದರೆ, ಬಯಾಪ್ಸಿ ಯಾಕೆ ಬೇಡ ಅಂತ ಕೇಳದೆ ಎದ್ದು ಬರಬೇಡಿ. ನಮ್ಮವರಿಗೆ ಕ್ಷಯ ಅಲ್ಲ ಅಂತ ಖಚಿತವಾದ ಮೇಲೆ ಮಾತ್ರೆ ಶುರುವಾಯಿತು. ಮುಂದಿನ ಸ್ಕ್ಯಾನಿನಲ್ಲಿ ಮಚ್ಚೆ ಮಸುಕಾಗಿತ್ತು. ಪೇಸ್‌ಮೇಕರ್ ಇದ್ದೇ ಇದೆ.

ವಿಕಿರಣದ ಬಗ್ಗೆ ಇಷ್ಟೇ. ಕೈಗಾ ಅಣುಸ್ಥಾವರದ ಪಕ್ಕದಲ್ಲಿ ಇರುವವರು ನಾವು, ಆ ಭಯ ನನಗೂ ಗೊತ್ತು. ಎಫ್‌ಡಿಜಿಯ ಫ್ಲೋರಿನ್ ತಯಾರಾಗುವುದು ಸೈಕ್ಲೋಟ್ರಾನ್ ಅನ್ನುವ, ಕಣಗಳನ್ನು ಜೋರಾಗಿ ಓಡಿಸುವ ಯಂತ್ರದಲ್ಲಿ, ಯುರೇನಿಯಂ ಅದರಲ್ಲಿಲ್ಲ. ಸಾಮಾನ್ಯವಾಗಿ ಕೊಡುವ ಪ್ರಮಾಣಕ್ಕೆ ದೇಹಕ್ಕೆ ಸುಮಾರು 7 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ಜೊತೆಗೆ ಮಾಡುವ ಸಿಟಿ ಸ್ಕ್ಯಾನಿನದ್ದು ಬೇರೆ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಬರುತ್ತಲೇ ಇರುತ್ತದೆ. ಮರುದಿನದ ಹೊತ್ತಿಗೆ ಸೂಜಿಯದ್ದು ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತದೆ. ಅವತ್ತೊಂದು ದಿನ ಬಸುರಿಯರನ್ನೂ ಸಣ್ಣ ಮಕ್ಕಳನ್ನೂ ಹತ್ತಿರ ಕೂರಿಸಬೇಡಿ.

ತಮ್ಮನಿಗೆ ಶುಗರ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಮೇಲೆ ಹೇಳಿದ ಉಪವಾಸವನ್ನು ನೀವಾಗಿ ಮಾಡಿಸಲು ಹೋಗಬೇಡಿ. ಮಾತ್ರೆ, ಇನ್ಸುಲಿನ್ ಯಾವಾಗ, ಎಷ್ಟು ಅನ್ನುವುದನ್ನು ತಾರೀಖು ಕೊಡುವ ಮೊದಲೇ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಫೋನ್ ಮಾಡಿ ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.