ವಿಕ್ಟೋರಿಯನ್ ಕಾಲದ ಮಜಾಲಿಕಾ ಪ್ರಾಣಿಯಾಕಾರದ ಟೀಪಾಟ್ ಕೊಳ್ಳುವಾಗ ಏನನ್ನು ಪರೀಕ್ಷಿಸಬೇಕು?

1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಗ್ಲೆಂಡಿನ ಮಿಂಟನ್ ಪಿಂಗಾಣಿ ಕಾರ್ಖಾನೆಯು, ಅದರ ಕಲಾ ನಿರ್ದೇಶಕ ಲಿಯಾನ್ ಆರ್ನೂ ರೂಪಿಸಿದ ಮಜಾಲಿಕಾ ಪಾತ್ರೆಗಳನ್ನು, ಅಂದರೆ ಸೀಸ ಬೆರೆತ ಬಣ್ಣಬಣ್ಣದ ಮೆರುಗಿನ ಮಣ್ಣಿನ ಪಾತ್ರೆಗಳನ್ನು, ಜನರ ಮುಂದಿಟ್ಟಿತು. ಮುಂದೆ ಅದೇ ಕಾರ್ಖಾನೆ ತಯಾರಿಸಿದ ಟೀಪಾಟ್‌ಗಳಲ್ಲಿ, ತೆಂಗಿನಕಾಯಿಯನ್ನು ಅಪ್ಪಿ ಹಿಡಿದ, ತಲೆಯೇ ಮುಚ್ಚಳವಾಗಿರುವ ಕೋತಿಯಷ್ಟು ಜೀವಕಳೆಯುಳ್ಳದ್ದು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಕೊಳ್ಳುವ ಮುನ್ನ ತಳವನ್ನು ನೋಡಬೇಕು. ಅಚ್ಚೊತ್ತಿದ ಮಿಂಟನ್ ಹೆಸರು (ಸುಮಾರು 1873ರ ನಂತರ ಮಿಂಟನ್ಸ್), ಮಾದರಿಯ ಸಂಖ್ಯೆ ಮತ್ತು ತಯಾರಾದ ವರ್ಷವನ್ನು ಸೂಚಿಸುವ ಪುಟ್ಟ ಚಿಹ್ನೆ ಸಾಮಾನ್ಯವಾಗಿ ಅಲ್ಲಿರುತ್ತವೆ. ಆದರೆ ಮುದ್ರೆಯೊಂದೇ ಸಾಲದು. ಮುಚ್ಚಳ, ಚಹಾ ಸುರಿಯುವ ಮೂತಿ ಮತ್ತು ಹಿಡಿಕೆ ಬೇಗ ಒಡೆಯುವ ಭಾಗಗಳಾದ್ದರಿಂದ, ಅಲ್ಲಿ ಬಣ್ಣ ಬಳಿದು ಮರೆಮಾಡಿದ ದುರಸ್ತಿಯಿದೆಯೇ ಎಂಬುದನ್ನು ನೇರಳಾತೀತ ದೀಪದ ಬೆಳಕಿನಲ್ಲಿ ಪರೀಕ್ಷಿಸುವುದು ಅಗತ್ಯ. ಮೆರುಗಿನಲ್ಲಿ ಸೀಸವಿರುವುದರಿಂದ, ಕೊಂಡ ಮೇಲೆ ಅದರಲ್ಲಿ ಚಹಾ ಮಾಡಬೇಡಿ.