ಬೆಳಗಾದರೆ ಸ್ಪೀಕರ್ ಮ್ಯೂಟ್!

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ಕಂಪ್ಯೂಟರ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ. ಬೆಳಿಗ್ಗೆ ಆನ್ ಮಾಡಿದರೆ ವಾಲ್ಯೂಮ್ ಫುಲ್ ತೋರಿಸುತ್ತದೆ, ಸೌಂಡ್ ಮಾತ್ರ ಇಲ್ಲ. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಆಲ್ಸಾಮಿಕ್ಸರ್ ಎಂಬ ಸೌಂಡ್ ಹೊಂದಿಸುವ ಪ್ರೋಗ್ರಾಂ ತೆರೆದು ಸ್ಪೀಕರ್ ಮೇಲೆ ಎಂ ಒತ್ತಿದರೆ ಸರಿಹೋಗುತ್ತದೆ. ಮರುದಿನ ಮತ್ತೆ ಅದೇ ಕಥೆ. ರಾತ್ರಿ ಯುಪಿಎಸ್ ಬಟನ್ ಒತ್ತಿ ಮನೆಗೆ ಹೋಗುತ್ತೇವೆ. ಲಿನಕ್ಸ್ ಹೊಸದಾಗಿ ಹಾಕಬೇಕಾ?

ಉತ್ತರ: ಬೇಡವೇ ಬೇಡ. ಉತ್ತರ ನಿಮ್ಮ ಯುಪಿಎಸ್ ಬಟನ್‌ನಲ್ಲೇ ಇದ್ದಂತಿದೆ.

ಆಲ್ಸಾಮಿಕ್ಸರ್‌ನಲ್ಲಿ ನೀವು ಮಾಡುವ ಬದಲಾವಣೆ ಆ ಹೊತ್ತಿಗೆ ಸೌಂಡ್ ಕಾರ್ಡಿಗೆ ಹೋಗುತ್ತದೆ, ಅಷ್ಟೇ. ಡಿಸ್ಕ್‌ಗೆ ಬರೆಯುವುದು ಶಟ್ ಡೌನ್ ಆಗುವಾಗ. ವಾರ್, ಅದರೊಳಗೆ ಲಿಬ್, ಅದರೊಳಗೆ ಆಲ್ಸಾ ಫೋಲ್ಡರ್‌ನಲ್ಲಿ ಎಸೌಂಡ್ ಡಾಟ್ ಸ್ಟೇಟ್ ಎಂಬ ಫೈಲ್ ಇರುತ್ತದೆ. ಆನ್ ಆದಾಗ ಅದನ್ನೇ ಓದಿ ಸೆಟ್ಟಿಂಗ್ ಹಾಕುತ್ತದೆ. ನೀವು ಶಟ್ ಡೌನ್ ಕೊಡದೆ ಕರೆಂಟನ್ನೇ ತೆಗೆದರೆ ಬರೆಯುವವರು ಯಾರು? ಎಂದೋ ಸ್ಪೀಕರ್ ಮ್ಯೂಟ್ ಇದ್ದ ದಿನದ ಫೈಲೇ ಉಳಿದು, ದಿನಾ ಬೆಳಿಗ್ಗೆ ಅದೇ ವಾಪಸ್ ಬರುತ್ತದೆ.

ಹೀಗೆ ಮಾಡಿ. ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ನಿಮ್ಮ ಕಾರ್ಡ್ ಆರಿಸಿ. ಸ್ಪೀಕರ್ ಪಟ್ಟಿಯ ಕೆಳಗೆ ಎಂಎಂ ಎಂದಿದ್ದರೆ ಅದು ಮ್ಯೂಟ್. ಎಂ ಒತ್ತಿದರೆ ಓಓ ಆಗುತ್ತದೆ. ಎಸ್ಕೇಪ್ ಒತ್ತಿ ಹೊರಗೆ ಬಂದು, ಅದೇ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಸುಡೋ (ಅಡ್ಮಿನ್ ಅನುಮತಿ ಕೊಡುವ ಆಜ್ಞೆ), ನಂತರ ಆಲ್ಸಾಸಿಟಿಎಲ್ (ಎ, ಎಲ್, ಎಸ್, ಎ, ಸಿ, ಟಿ, ಎಲ್), ನಂತರ ಸ್ಟೋರ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಅಕ್ಷರಗಳ ಬದಲು ನಕ್ಷತ್ರ ಚಿಹ್ನೆಗಳು ಕಾಣುತ್ತವೆ, ಗಾಬರಿ ಬೇಡ. ಆಮೇಲೆ ಮೆನುವಿನಿಂದಲೇ ಶಟ್ ಡೌನ್ ಕೊಟ್ಟು ಆನ್ ಮಾಡಿ ನೋಡಿ.

ಇನ್ನು ರಾತ್ರಿ ಬಟನ್ ವಿಷಯ. ಶಕ್ತಿನಗರದಲ್ಲಿ ಕರೆಂಟ್ ತಯಾರಿಸುವ ಜಿಲ್ಲೆ ನಮ್ಮದು, ಆದರೂ ಅದು ಹೇಳದೆ ಕೇಳದೆ ಹೋಗುತ್ತದೆ. ಅದು ನಮ್ಮ ಕೈಲಿಲ್ಲ. ರಾತ್ರಿ ನಾವೇ ಸುಮ್ನೆ ಬಟನ್ ಒತ್ತುವುದಾದರೂ ನಿಲ್ಲಲಿ. ಸೌಂಡ್ ಹೋದರೆ ಹೋಯಿತು, ಗಿರಾಕಿಯ ಮದುವೆ ಕಾರ್ಡಿನ ಫೈಲ್ ಕೆಟ್ಟರೆ ಜಾಸ್ತಿ ತಲೆನೋವು, ಅಲ್ವಾ?

ಸರಿಯಾಗಿ ಶಟ್ ಡೌನ್ ಮಾಡಿದ ಮೇಲೂ ಸೌಂಡ್ ಬರದಿದ್ದರೆ, ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ನೋಡಿ. ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್ ಇದ್ದರೆ ಸೌಂಡ್ ಆ ಕಡೆ ಹೋಗಿರಬಹುದು. ಅನಲಾಗ್ ಆರಿಸಿ. ಈ ಆಯ್ಕೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಅದೂ ಉಳಿಯದಿದ್ದರೆ ಹೋಮ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ, ಬಚ್ಚಿಟ್ಟ ಫೋಲ್ಡರ್‌ಗಳು ಕಾಣುತ್ತವೆ. ಮಿಂಟ್ 22 ಆದರೆ ಡಾಟ್ ಲೋಕಲ್, ಅದರೊಳಗೆ ಸ್ಟೇಟ್, ಅದರೊಳಗಿನ ವೈರ್‌ಪ್ಲಂಬರ್ ಫೋಲ್ಡರ್ ನೋಡಿ. ಮಿಂಟ್ 21 ಆದರೆ ಡಾಟ್ ಕಾನ್ಫಿಗ್ ಒಳಗಿನ ಪಲ್ಸ್ ಫೋಲ್ಡರ್ ನೋಡಿ. ಅದರ ಪ್ರಾಪರ್ಟೀಸ್‌ನಲ್ಲಿ ಓನರ್ ನಿಮ್ಮ ಹೆಸರಿನ ಬದಲು ರೂಟ್ (ಅಡ್ಮಿನ್) ಎಂದಿದ್ದರೆ, ಯಾರೋ ಸುಡೋ ಹಾಕಿ ಸೌಂಡ್ ರಿಪೇರಿ ಮಾಡಲು ಹೋಗಿರಬೇಕು. ಸುಡೋ ಬಳಸಿ ಆ ಫೋಲ್ಡರ್ ಅಳಿಸಿ ರೀಸ್ಟಾರ್ಟ್ ಮಾಡಿ. ನಿಮ್ಮ ಹೆಸರಿನಲ್ಲೇ ಹೊಸದು ಹುಟ್ಟಿಕೊಳ್ಳುತ್ತದೆ.