ಸಂಪಾದಕರ ಉತ್ತರ: ಕರಡಿ ಹೇಳಿದ್ದು, ರೈತ ಹೇಳಿದ್ದು

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ 1950ರ ಹೊತ್ತಿನ ಅಮೆರಿಕದ ಹಳ್ಳಿ ಬದುಕಿನ ಲೇಖನ ಹಾಕಿದ್ದೀರಿ. ಮಣ್ಣು ಉಳಿಸಿದ ಕಥೆ ಚೆನ್ನಾಗಿತ್ತು. ಆದರೆ ಫ್ಲಾರಿಡಾದ ರೈತ ಚಳಿಗಾಲದಲ್ಲಿ ತನ್ನ ಪೈನ್ ಕಾಡಿಗೆ ತಾನೇ ಬೆಂಕಿ ಇಡುತ್ತಿದ್ದ ಎಂದು ಬರೆದು, ಅದು ತಪ್ಪು ಅಂತ ಒಂದು ಮಾತೂ ಹೇಳಿಲ್ಲ. ಹಾಗಾದರೆ ಕಾಡ್ಗಿಚ್ಚು ತಡೆಯಿರಿ ಎಂದು ಅಮೆರಿಕದ ಪೋಸ್ಟರುಗಳಲ್ಲಿರುವ ಆ ಟೋಪಿ ಕರಡಿ, ಸ್ಮೋಕಿ, ಇಷ್ಟು ವರ್ಷ ಹೇಳಿದ್ದು ಸುಳ್ಳೇ? ತಿದ್ದುಪಡಿ ಹಾಕಿ. ಅಕ್ಷರವೂ ತೀರಾ ಸಣ್ಣದಾಗಿದೆ." - ಒಬ್ಬ ನಿವೃತ್ತ ಮೇಷ್ಟ್ರು

ಮೇಷ್ಟ್ರೇ, ಕರಡಿ ಹೇಳಿದ್ದು ಸುಳ್ಳಲ್ಲ. ಸಿಗರೇಟು ಎಸೆದು ಕಾಡು ಸುಡುವವನ ಪರ ನಾನು ವಾದ ಮಾಡುವುದಿಲ್ಲ. 1910ರ ಆಗಸ್ಟ್‌ನಲ್ಲಿ ಐಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಉರಿದುಹೋಯಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಅರಣ್ಯ ಇಲಾಖೆ, ಫಾರೆಸ್ಟ್ ಸರ್ವಿಸ್, ಹುಟ್ಟಿ ಆಗಿನ್ನೂ ಐದು ವರ್ಷ. ಅಂಥ ಪೆಟ್ಟು ತಿಂದವರು ಹೊಗೆ ಕಂಡರೂ ಬೆಚ್ಚುವುದು ಸಹಜ. ಅಷ್ಟು ಒಪ್ಪಿದೆ.

ಆದರೆ ಆ ಹೆದರಿಕೆಯೇ ನಿಯಮವಾಗಿ ಕೂತುಬಿಟ್ಟಿತು. 1935ರಲ್ಲಿ ಇಲಾಖೆ ಒಂದು ಅಪ್ಪಣೆ ಹೊರಡಿಸಿತು: ಎಲ್ಲೇ ಬೆಂಕಿ ಕಾಣಲಿ, ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು. ಯಾವ ಕಾಡು, ಯಾವ ಬೆಂಕಿ, ಯಾವ ತಿಂಗಳು, ಇದ್ಯಾವುದೂ ಲೆಕ್ಕಕ್ಕಿಲ್ಲ.

ಈಗ ನಿಮಗೆ ಸಿಟ್ಟು ಬರಿಸಿದ ಆ ರೈತನ ಕಾಡಿಗೆ ಬನ್ನಿ. ದಕ್ಷಿಣ ರಾಜ್ಯಗಳ ಲಾಂಗ್‌ಲೀಫ್ ಪೈನ್ ಮರದ ಸಸಿ ಮೊದಲ ಕೆಲವು ವರ್ಷ ಮೇಲೇಳುವುದೇ ಇಲ್ಲ. ಹುಲ್ಲಿನ ಬುಡದ ಹಾಗೆ ನೆಲಕ್ಕೆ ಅಂಟಿಕೊಂಡು ಬೇರು ಇಳಿಸುತ್ತದೆ. ಸುಳಿಯನ್ನು ಉದ್ದನೆಯ ಸೂಜಿ ಎಲೆಗಳು ಮುಚ್ಚಿರುತ್ತವೆ. ತಗ್ಗಿನ ಬೆಂಕಿ ಬಂದರೆ ಎಲೆ ಸುಡುತ್ತದೆ, ಸುಳಿ ಉಳಿಯುತ್ತದೆ. ಎಲೆಗೆ ತಗಲಿದ ರೋಗವೂ ಸುಟ್ಟು ಹೋಗುತ್ತದೆ. ಅದರ ಬೀಜ ಮೊಳೆಯಲು ತರಗಿಲ್ಲದ ಬರಿ ಮಣ್ಣು ಬೇಕು. ಬೆಂಕಿಯೇ ಬೀಳದಿದ್ದರೆ ಓಕ್ ಮತ್ತು ಪೊದೆಗಳು ತುಂಬಿಕೊಂಡು ಈ ಸಸಿಯನ್ನು ಮುಗಿಸುತ್ತವೆ. ಜೊತೆಗೆ ಒಣ ಕಸ ವರ್ಷವರ್ಷ ರಾಶಿ ಬೀಳುತ್ತದೆ. ಆಮೇಲೆ ಯಾವತ್ತೋ ಹತ್ತಿಕೊಂಡ ಬೆಂಕಿ ಮರದ ತುದಿಗೇ ಏರುತ್ತದೆ. ರೈತ ಚಳಿಗಾಲದಲ್ಲಿ ಗಾಳಿ ನೋಡಿಕೊಂಡು ಸುಡುತ್ತಿದ್ದ. ವಸಂತಕ್ಕೆ ದನಗಳಿಗೆ ಎಳೆ ಹುಲ್ಲು ಸಿಗುತ್ತಿತ್ತು. ಇವನು ಕಾಡಿನ ಶತ್ರುವೇ?

1928ರಿಂದ ಮೂರು ವರ್ಷ, ಸರ್ಕಾರದ ನೆರವಿನಲ್ಲಿ, ಲಾರಿ ಮೇಲೆ ಪ್ರೊಜೆಕ್ಟರು ಕಟ್ಟಿಕೊಂಡ ತಂಡಗಳು ಊರೂರು ತಿರುಗಿ 'ಕಾಡು ಸುಡಬೇಡಿ' ಎಂದು ಸಿನಿಮಾ ತೋರಿಸಿದವು. ಕರೆಂಟೇ ಇಲ್ಲದ ಹಳ್ಳಿಗಳಿಗೆ ಅದು ಹಬ್ಬವೇ ಸರಿ. ಸುಡುವುದು ಮಾತ್ರ ನಿಲ್ಲಲಿಲ್ಲ. ಆಗ ಇಲಾಖೆ ಏನು ಮಾಡಿತು ಗೊತ್ತೇ? ಜಾನ್ ಶೇ ಎಂಬ ಮನಶ್ಶಾಸ್ತ್ರಜ್ಞನನ್ನು ಕಳಿಸಿತು! ಸುಟ್ಟರೆ ಹುಲ್ಲು ಬರುತ್ತದೆ, ಹಾವು, ಉಣ್ಣಿ ಕಮ್ಮಿಯಾಗುತ್ತವೆ, ನಮ್ಮ ಅಪ್ಪಂದಿರೂ ಸುಡುತ್ತಿದ್ದರು ಎಂದು ಜನ ಬಾಯಿಬಿಟ್ಟು ಹೇಳಿದರು. 1940ರಲ್ಲಿ ಆತ ಬರೆದದ್ದು ಇಷ್ಟು: ಇವರಿಗೆ ಮಾಡಲು ಕೆಲಸವಿಲ್ಲ, ಬೇಸರ, ಬೆಂಕಿ ನೋಡುವುದು ಒಂದು ಮೋಜು, ಉಳಿದ ಕಾರಣಗಳೆಲ್ಲ ನೆಪ. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಕೇಳಿದ್ದೂ ಇವರೇ, ಕೇಳಿಸಿಕೊಳ್ಳದವರೂ ಇವರೇ.

ಮಣ್ಣು ಉಳಿಸಿದ ಕಥೆ ಚೆನ್ನಾಗಿತ್ತು ಎಂದಿರಲ್ಲ, ಅದೇಕೆ ಚೆನ್ನಾಗಾಯಿತು ಯೋಚಿಸಿ. ಅದೇ ದೇಶ, ಅದೇ ಸರ್ಕಾರ. ಸರ್ಕಾರದ ಮಣ್ಣು ಸಂರಕ್ಷಣೆಯ ಮುಖ್ಯಸ್ಥ ಹ್ಯೂ ಬೆನೆಟ್ ಕೂಡ ಪ್ರಚಾರದಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ಆದರೆ ಅವರ ಜನ ವಿಸ್ಕಾನ್ಸಿನ್‌ನ ಕೂನ್ ವ್ಯಾಲಿಯಲ್ಲಿ 1933ರಿಂದ ಒಂದೊಂದೇ ಜಮೀನಿಗೆ ಹೋಗಿ, ರೈತನ ಜೊತೆ ನಡೆದು, ಐದು ವರ್ಷದ ಒಪ್ಪಂದ ಮಾಡಿಕೊಂಡರು. ಇಳಿಜಾರಿಗೆ ಅಡ್ಡಲಾಗಿ ಉಳು, ಒಂದು ಪಟ್ಟಿ ಮೆಕ್ಕೆಜೋಳ, ಒಂದು ಪಟ್ಟಿ ಮೇವು ಹಾಕು, ಬೀಜ ಮತ್ತು ಸುಣ್ಣ ನಾವು ಕೊಡುತ್ತೇವೆ ಎಂದರು. 1937ರಲ್ಲಿ ಬೆನೆಟ್ ಹುಟ್ಟಿದ ಸೀಮೆಯಲ್ಲೇ, ನಾರ್ತ್ ಕ್ಯಾರೊಲಿನಾದ ಬ್ರೌನ್ ಕ್ರೀಕ್‌ನಲ್ಲಿ, ಸ್ಥಳೀಯ ರೈತರೇ ಕೂತು ತೀರ್ಮಾನಿಸುವ ಮೊದಲ ಮಣ್ಣು ಸಂರಕ್ಷಣಾ ಜಿಲ್ಲೆ ಶುರುವಾಯಿತು. ಅಲ್ಲಿ ರೈತನನ್ನು ಪಾಲುದಾರ ಎಂದುಕೊಂಡರು. ಕಾಡಿನಲ್ಲಿ ಅವನೇ ಆರೋಪಿ.

ಕರಡಿ ಬಂದದ್ದು 1944ರಲ್ಲಿ. 1950ರಲ್ಲಿ ನ್ಯೂ ಮೆಕ್ಸಿಕೊದ ಕಾಡ್ಗಿಚ್ಚಿನಲ್ಲಿ ಸುಟ್ಟ ಗಾಯವಾದ ಮರಿಯೊಂದು ಸಿಕ್ಕಿತು. ಅದನ್ನು ವಾಷಿಂಗ್ಟನ್ ಮೃಗಾಲಯದಲ್ಲಿ ಸಾಕಿದರು. ಮಕ್ಕಳ ಕಾಗದ ಎಷ್ಟು ಬಂತೆಂದರೆ 1964ರಲ್ಲಿ ಕರಡಿಗೇ ಒಂದು ಪಿನ್‌ಕೋಡ್ ಕೊಟ್ಟರು. ಪಾಪ, ಆ ಮರಿಯದೇನೂ ತಪ್ಪಿಲ್ಲ. ಆದರೆ ಪೋಸ್ಟರ್‌ಗೆ ಒಂದೇ ಸಾಲು ಹಿಡಿಸುತ್ತದೆ. 'ಬೆಂಕಿ ಬೇಡ' ಹಿಡಿಸಿತು. 'ಯಾವಾಗ, ಎಲ್ಲಿ, ಎಷ್ಟು' ಹಿಡಿಸಲಿಲ್ಲ.

ಆಮೇಲಿನದು ಇಲಾಖೆ ನಿಧಾನವಾಗಿ ಸೋತು ಒಪ್ಪಿದ ಕಥೆ. 1943ರಲ್ಲೇ ಫ್ಲಾರಿಡಾದ ಒಸಿಯೋಲಾ ಕಾಡಿನಲ್ಲಿ ಇಲಾಖೆ ತಾನೇ ಬೇಕೆಂದು ಬೆಂಕಿ ಇಡಲು ಒಪ್ಪಿತ್ತು, ಸದ್ದಿಲ್ಲದೆ. 1958ರಲ್ಲಿ ಟ್ಯಾಲಹಾಸಿ ಹತ್ತಿರ ಇದನ್ನೇ ಅಧ್ಯಯನ ಮಾಡುವ ಟಾಲ್ ಟಿಂಬರ್ಸ್ ಕೇಂದ್ರ ಬಂತು. 10 ಗಂಟೆಯ ನಿಯಮ ಬಿದ್ದುಹೋಗಲು 1978 ಬರಬೇಕಾಯಿತು. 1990ರಲ್ಲಿ ಫ್ಲಾರಿಡಾ ಕಾನೂನೇ ಮಾಡಿ, ಕ್ರಮಬದ್ಧವಾಗಿ ಸುಡುವುದು ಜಮೀನಿನವನ ಹಕ್ಕು ಎಂದಿತು. ಅಷ್ಟರಲ್ಲಿ ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಇದ್ದ ಲಾಂಗ್‌ಲೀಫ್ ಕಾಡಿನಲ್ಲಿ ಉಳಿದದ್ದು ಚೂರುಪಾರು. ಎಲ್ಲವೂ ಬೆಂಕಿ ತಡೆದದ್ದರಿಂದಲೇ ಹೋಗಲಿಲ್ಲ, ಕೊಡಲಿಯ ಪಾಲೇ ಜಾಸ್ತಿ. ಆದರೆ ಕಡಿದ ಮೇಲೆ ಮತ್ತೆ ಹುಟ್ಟದಂತೆ ಮಾಡಿದ್ದರಲ್ಲಿ ಈ ನಿಯಮಕ್ಕೂ ಪಾಲಿದೆ.

ನನ್ನ ಮೇಜಿಗೂ ಆ ಶೇ ಬರೆದಂಥವು ಬರುತ್ತಲೇ ಇರುತ್ತವೆ ಮೇಷ್ಟ್ರೇ. ರೈತರ ಬಗ್ಗೆ ಉದ್ದುದ್ದ ವರದಿಗಳು. ಕೋಷ್ಟಕ ಇರುತ್ತದೆ, ಬಣ್ಣದ ಚಿತ್ರ ಇರುತ್ತದೆ, ರೈತ ಆಡಿದ ಒಂದು ಮಾತು ಹುಡುಕಿದರೂ ಸಿಗುವುದಿಲ್ಲ. ಉತ್ತರ ಮೊದಲೇ ಬರೆದುಕೊಂಡು ಪ್ರಶ್ನೆ ಕೇಳಲು ಹೋಗಿರುತ್ತಾರೆ. ನಲವತ್ತು ಮಕ್ಕಳ ಕ್ಲಾಸು ನಡೆಸಿದ ನಿಮಗೆ ಇದನ್ನು ನಾನು ವಿವರಿಸಬೇಕೇ? ಕೊನೆಯ ಬೆಂಚಿನ ಹುಡುಗ ತಪ್ಪು ಉತ್ತರ ಹೇಳಿದಾಗ 'ಯಾಕೆ ಹಾಗಂದೆ' ಎಂದು ಕೇಳಿರುತ್ತೀರಿ, ಅಲ್ವಾ? ಫ್ಲಾರಿಡಾದ ರೈತನಿಗೂ ಅಷ್ಟು ಕೊಡಿ.

ತಿದ್ದುಪಡಿ ಹಾಕುವುದಿಲ್ಲ. ಅಕ್ಷರದ ದೂರು ನ್ಯಾಯವಾದದ್ದು. ಮುಂದಿನ ಸಂಚಿಕೆಯಿಂದ ದೊಡ್ಡದು ಮಾಡುತ್ತೇವೆ.